ಬೇಸ್ ಹಿಡಿದು ಕೇಳಿದ ಥರ್ಟೀಂತ್ ಫ್ಲೋರ್ ಎಲಿವೇಟರ್ಸ್

ಥರ್ಟೀಂತ್ ಫ್ಲೋರ್ ಎಲಿವೇಟರ್ಸ್ ಅನ್ನುವ ಅರವತ್ತರ ದಶಕದ ಅಮೆರಿಕದ ರಾಕ್ ಬ್ಯಾಂಡ್ ಅಂದ ಕೂಡಲೇ ಎಲ್ಲರೂ ಹೇಳುವುದು ಅದರ ಗಾಯಕ ರಾಕಿ ಎರಿಕ್ಸನ್ ಕಥೆ. ಆ ಕಿರುಚು, ಆಮೇಲೆ ಅವನ ಮೇಲೆ ಬಂದ ಕೇಸು, ಆಸ್ಪತ್ರೆ. ಅದು ದೊಡ್ಡ ಕಥೆಯೇ. ಆದರೆ ನಾನು ಬೇಸ್ ಗಿಟಾರ್ ನುಡಿಸುವವನು. ನಮ್ಮ ಬೆಂಗಳೂರಿನ ಬ್ಯಾಂಡಿನಲ್ಲಿ ಒಂದು ಸಂಜೆ ಪೂರ್ತಿ ಇವರ ಹಾಡುಗಳನ್ನೇ ನುಡಿಸೋಣ ಅಂತ ಆದಾಗ, ನಾನು ಕೆಳಗಿನಿಂದ ಶುರು ಮಾಡಿದೆ. ಅಂದರೆ ಬೇಸ್ ಮತ್ತು ಡ್ರಮ್ಸ್‌ನಿಂದ. ಎಲಿವೇಟರ್ಸ್‌ನಲ್ಲಿ ಜಾಸ್ತಿ ಬದಲಾದವರು ಅವೆರಡನ್ನು ನುಡಿಸಿದವರೇ. ಅವರನ್ನು ಹಿಂಬಾಲಿಸಿದರೆ ಇಡೀ ಚರಿತ್ರೆ ಕಿವಿಗೇ ಸಿಗುತ್ತದೆ.

ಮೊದಲು ಯಾವ ಹಾಡಿನಲ್ಲಿ ಯಾರಿದ್ದಾರೆ ಅಂತ ಒಂದು ಹಾಳೆಯಲ್ಲಿ ಬರೆದುಕೊಂಡೆ. ಆಮೇಲೆ ರೆಕಾರ್ಡ್ ಆದ ಕಾಲದ ಪ್ರಕಾರ ಹಾಡುಗಳನ್ನು ಜೋಡಿಸಿದೆ. ಎರಡೂ ಕಿವಿಗೆ ಒಂದೇ ಸದ್ದು ಬರುವ ಮೋನೋ ಮಿಕ್ಸ್ ಇದ್ದಲ್ಲಿ ಅದನ್ನೇ ಹಿಡಿದೆ. ಮೇಲಿನ ಸದ್ದನ್ನೆಲ್ಲ ಈಕ್ವಲೈಸರ್‌ನಲ್ಲಿ ಇಳಿಸಿ, ವೇಗ ಕಮ್ಮಿ ಮಾಡಿ, ಹೆಡ್‌ಫೋನಿನಲ್ಲಿ ಕೇಳಿದೆ. ಬೇಸ್ ಲೈನನ್ನು ಬಾಯಲ್ಲಿ ಗುನುಗುವುದಕ್ಕೆ ಬಂದ ಮೇಲೆಯೇ ವಾದ್ಯ ಮುಟ್ಟಿದ್ದು. ನೋಟ್ಸ್ ನೋಡಿ ಕಲಿಯುವುದಕ್ಕಿಂತ ಇದು ನಿಧಾನ, ಆದರೆ ನುಡಿಸಿದವನ ಸ್ವಭಾವ ಗೊತ್ತಾಗುವುದು ಹೀಗೇ.

ಬ್ಯಾಂಡ್ ಹುಟ್ಟಿದ್ದು 1965ರ ಕೊನೆಗೆ, ಟೆಕ್ಸಸ್‌ನ ಆಸ್ಟಿನ್‌ನಲ್ಲಿ. ಗಿಟಾರಿಸ್ಟ್ ಸ್ಟೇಸಿ ಸದರ್‌ಲ್ಯಾಂಡ್, ಡ್ರಮ್ಮರ್ ಜಾನ್ ಐಕ್ ವಾಲ್ಟನ್, ಬೇಸಿಸ್ಟ್ ಬೆನ್ನಿ ಥರ್ಮನ್ ಮೂವರೂ ಅದಕ್ಕೆ ಮುಂಚೆ ಲಿಂಗ್ಸ್‌ಮೆನ್ ಅನ್ನುವ ಬ್ಯಾಂಡಿನಲ್ಲಿದ್ದರು. ರಾಕಿ ಬಂದಿದ್ದು ಸ್ಪೇಡ್ಸ್ ಅನ್ನುವ ಇನ್ನೊಂದು ತಂಡದಿಂದ. ಇವರನ್ನು ಒಟ್ಟು ಸೇರಿಸಿದವನು ಟಾಮಿ ಹಾಲ್. ಹೆಚ್ಚಿನ ಹಾಡುಗಳ ಸಾಹಿತ್ಯ, ಎಲ್‌ಎಸ್‌ಡಿ ಅನ್ನುವ ಮಾದಕದ್ರವ್ಯದ ತತ್ವಜ್ಞಾನ, ಜೊತೆಗೆ ಜಗ್ ಅಂದರೆ ಹೂಜಿ, ಎಲ್ಲ ಅವನದು.

'ಯೂ ಆರ್ ಗೊನ್ನಾ ಮಿಸ್ ಮಿ' ಹಾಡನ್ನು ರಾಕಿ ಮೊದಲು ಸ್ಪೇಡ್ಸ್ ಜೊತೆ ರೆಕಾರ್ಡ್ ಮಾಡಿದ್ದ. 1966ರ ಜನವರಿಯಲ್ಲಿ ಹೊಸ ತಂಡ ಅದನ್ನು ಮತ್ತೆ ಮಾಡಿತು. ಎರಡನ್ನೂ ಒಂದರ ಹಿಂದೆ ಒಂದು ಕೇಳಬೇಕು. ಹಾಡು ಒಂದೇ, ಹಾಡುವವನೂ ಅವನೇ, ಆದರೂ ಎರಡನೆಯದು ನುಗ್ಗುತ್ತದೆ. ಆ ವರ್ಷ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು 55ನೇ ಸ್ಥಾನಕ್ಕೆ ಏರಿತು. ಅದರಲ್ಲಿ ಬೇಸ್ ಥರ್ಮನ್‌ದು. ಮೂಲತಃ ಪಿಟೀಲು ನುಡಿಸುತ್ತಿದ್ದವನು. ಗ್ಯಾರೇಜ್ ರಾಕ್ ಅನ್ನುವ ಒರಟು ಶೈಲಿಗೆ ಬೇಕಾದ ಆತುರ ಆ ಕೈಯಲ್ಲಿದೆ.

ಅದೇ ವರ್ಷದ ನಡುವೆ ಥರ್ಮನ್ ಹೋಗಿ ರಾನಿ ಲೆದರ್‌ಮನ್ ಬಂದ. 'ದ ಸೈಕೆಡೆಲಿಕ್ ಸೌಂಡ್ಸ್ ಆಫ್ ದ ಥರ್ಟೀಂತ್ ಫ್ಲೋರ್ ಎಲಿವೇಟರ್ಸ್' ಆಲ್ಬಮ್ಮಿನಲ್ಲಿ ಹೆಚ್ಚಿನ ಬೇಸ್ ಇವನದೇ. ಲೆದರ್‌ಮನ್ ಡ್ರಮ್ಸ್‌ಗೆ ಅಂಟಿಕೊಂಡು ಹೋಗುತ್ತಾನೆ, ಅವಸರವಿಲ್ಲ. ಹಾಗಾಗಿಯೇ ಮೇಲೆ ಜಗ್ ಮತ್ತು ಸ್ಟೇಸಿಯ ರಿವರ್ಬ್ (ಪ್ರತಿಧ್ವನಿ) ತುಂಬಿದ ಗಿಟಾರ್ ಎಷ್ಟು ಹಾರಾಡಿದರೂ ಹಾಡು ಚೆದುರುವುದಿಲ್ಲ.

ಈ ಜಗ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಹಳೆಯ ಜಗ್ ಬ್ಯಾಂಡುಗಳಲ್ಲಿ ಹೂಜಿಯ ಬಾಯಿಗೆ ಊದಿ ಬೇಸ್‌ನಂಥ ಸದ್ದು ಹೊರಡಿಸುತ್ತಿದ್ದರು. ಟಾಮಿ ಮಾಡಿದ್ದು ಬೇರೆ. ಜಗ್ಗಿನ ಬಾಯಿಯ ಪಕ್ಕದಲ್ಲೇ ಮೈಕ್ ಹಿಡಿದು, ತನ್ನ ದನಿಯನ್ನೇ ವೇಗವಾಗಿ ಅದರೊಳಗೆ ಬಿಡುತ್ತಿದ್ದ. ಜಗ್ ಬರೀ ಪ್ರತಿಧ್ವನಿ ಕೊಡುವ ಕೋಣೆ. ನಾವು ಇದಕ್ಕೆ ಸಂತೆಯಲ್ಲಿ ಸಿಗುವ ಮಣ್ಣಿನ ಕೂಜ ತಂದೆವು. ನಮ್ಮ ಗಾಯಕಿ ಕೊನ್ನಕ್ಕೋಲು, ಅಂದರೆ ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವುದನ್ನು ಕಲಿತವಳು. ತಕತಕ ತಕದಿಮಿ ಅನ್ನುವುದನ್ನು ತುಟಿ ಮುಚ್ಚಿದಂತೆ ಇಟ್ಟು ಗಂಟಲಲ್ಲೇ ಹೇಳಿ ಕೂಜದೊಳಗೆ ಬಿಟ್ಟಳು. ಸಣ್ಣ ಬಾಯಿಯ ಕೂಜವೇ ಬೇಕು, ಅಗಲ ಬಾಯಿಯದರಲ್ಲಿ ಸದ್ದು ಹರಡಿಹೋಗುತ್ತದೆ. ಮೈಕ್ ಕೂಜಕ್ಕೆ ತಾಗಬಾರದು, ದೂರವೂ ಆಗಬಾರದು. ಇನ್ನೊಂದು ವಿಷಯ ಅಭ್ಯಾಸದಲ್ಲೇ ತಿಳಿಯಿತು. ಜಗ್ ಸುಮ್ನೆ ಅಲಂಕಾರಕ್ಕೆ ಇರುವುದಲ್ಲ. ಅದು ತಾಳವನ್ನು ಇನ್ನೂ ಸಣ್ಣದಾಗಿ ಒಡೆಯುತ್ತದೆ. ಅದು ಓಡುವಾಗ ಬೇಸ್ ಕಮ್ಮಿ ನುಡಿಸಬೇಕು, ಇಲ್ಲದಿದ್ದರೆ ಎರಡೂ ಕಲಸಿಹೋಗುತ್ತವೆ. ಲೆದರ್‌ಮನ್ ಯಾಕೆ ಅಷ್ಟು ಮಿತವಾಗಿ ನುಡಿಸಿದ ಅನ್ನುವುದು ನನಗೆ ಅರ್ಥವಾಗಿದ್ದು ಆಗ.

1967ರ ಬೇಸಿಗೆಯಲ್ಲಿ ವಾಲ್ಟನ್ ಮತ್ತು ಲೆದರ್‌ಮನ್ ಇಬ್ಬರೂ ಹೊರಟರು. ವಾಲ್ಟನ್‌ಗೆ ಎಲ್‌ಎಸ್‌ಡಿ ಇಷ್ಟವಿರಲಿಲ್ಲ, ಟಾಮಿಗೆ ಅದೇ ದಾರಿ. ಒಂದೇ ವೇದಿಕೆ ಮೇಲೆ ಅವರಿಬ್ಬರು ಎಷ್ಟು ದಿನ ಇರಬಹುದಿತ್ತು, ಅಲ್ವಾ? ಡ್ರಮ್ಸ್‌ಗೆ ಡ್ಯಾನಿ ಥಾಮಸ್, ಬೇಸ್‌ಗೆ ಡ್ಯಾನ್ ಗಲಿಂಡೊ ಬಂದರು. 'ಈಸ್ಟರ್ ಎವ್ರಿವೇರ್' ಆಲ್ಬಮ್ ಈ ಬದಲಾವಣೆಯ ಮಧ್ಯದಲ್ಲೇ ಆಗಿದ್ದು. ಅದರಲ್ಲಿ ಎರಡು ಹಾಡುಗಳಲ್ಲಿ ಮಾತ್ರ ಹಳೆಯ ಜೋಡಿ ಇದೆ, ಉಳಿದವು ಹೊಸಬರದು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದಿಲ್ಲ. ವಾಲ್ಟನ್ ಇರುವ ಕಡೆ ಡ್ರಮ್ಸ್ ಮುಂದಕ್ಕೆ ತಳ್ಳುತ್ತದೆ. ಥಾಮಸ್ ಇರುವ ಕಡೆ ತಾಳ ಸಡಿಲ, ತೂಗುತ್ತದೆ.

ಆಲ್ಬಮ್ ಶುರುವಾಗುವ 'ಸ್ಲಿಪ್ ಇನ್‌ಸೈಡ್ ದಿಸ್ ಹೌಸ್' ಸುಮಾರು 8 ನಿಮಿಷದ ಹಾಡು. ಒಂದೇ ರಿಫ್, ಅಂದರೆ ಮತ್ತೆ ಮತ್ತೆ ಬರುವ ಒಂದು ಸಣ್ಣ ಸ್ವರದ ತುಣುಕಿನ ಸುತ್ತ ಸುತ್ತುತ್ತಾ ಹೋಗುತ್ತದೆ. ಗಲಿಂಡೊ ಅದನ್ನು ಹಿಡಿದಿಟ್ಟಿರುವ ರೀತಿ ನನಗೆ ಬಹಳ ಇಷ್ಟ. ಬೆರಳಿಗೆ ಕಷ್ಟವಿಲ್ಲ, ಕಷ್ಟ ಇರುವುದು ಮನಸ್ಸಿಗೆ. ಏನಾದರೂ ಸೇರಿಸೋಣ ಅನ್ನುವ ಆಸೆ ಬರುತ್ತಲೇ ಇರುತ್ತದೆ. ನಾನು ಲಯ ತೋರಿಸುವ ಮೆಟ್ರೋನೋಮ್ ಇಟ್ಟುಕೊಂಡು, ಬೇರೆ ಯಾವ ವಾದ್ಯವೂ ಇಲ್ಲದೆ, ಒಬ್ಬನೇ ಕೂತು ಪೂರ್ತಿ ಹಾಡು ನುಡಿಸಿ ಇದನ್ನು ಸಾಧಿಸಿದೆ. ಆಮೇಲೆ ಡ್ರಮ್ಮರ್ ಜೊತೆ. ಗಿಟಾರ್ ಸೇರಿಸಿದ್ದು ಎಲ್ಲಕ್ಕಿಂತ ಕೊನೆಗೆ.

1968ರಲ್ಲಿ 'ಲೈವ್' ಅಂತ ಒಂದು ಆಲ್ಬಮ್ ಬಂತು. ಅದು ಲೈವ್ ಅಲ್ಲ. ಸ್ಟುಡಿಯೋ ರೆಕಾರ್ಡಿಂಗ್‌ಗಳ ಮೇಲೆ ಚಪ್ಪಾಳೆ ಅಂಟಿಸಿದ್ದು. ಯಾವಾಗ ಯಾರು ನುಡಿಸಿದರು ಅಂತ ಹುಡುಕುವವರು ಅದನ್ನು ನಂಬಿಕೊಂಡು ಹೋಗಬಾರದು.

ಆ ಹೊತ್ತಿಗೆ ಬ್ಯಾಂಡ್ ಒಡೆಯುತ್ತಿತ್ತು. 1969ರಲ್ಲಿ ಬಂದ 'ಬುಲ್ ಆಫ್ ದ ವುಡ್ಸ್'ನಲ್ಲಿ ರಾಕಿ ಇರುವುದು ಕೆಲವೇ ಹಾಡುಗಳಲ್ಲಿ. ಸ್ಟೇಸಿ ಮುಂದೆ ನಿಂತು ಮುಗಿಸಿದ ಆಲ್ಬಮ್ ಅದು. ಲೆದರ್‌ಮನ್ ಮತ್ತೆ ಬೇಸ್ ಹಿಡಿದು ಬಂದ. ಅದೇ ವರ್ಷ ಗಾಂಜಾ ಕೇಸಿನಲ್ಲಿ ರಾಕಿ ಸಿಕ್ಕಿಬಿದ್ದ. ಜೈಲು ತಪ್ಪಿಸಿಕೊಳ್ಳಲು ಹುಚ್ಚಿನ ಕಾರಣ ಕೊಟ್ಟು, 1972ರವರೆಗೆ ಟೆಕ್ಸಸ್‌ನ ರಸ್ಕ್ ಮಾನಸಿಕ ಆಸ್ಪತ್ರೆಯಲ್ಲಿ ಕಳೆದ. ಒಂದು ಸಣ್ಣ ತಪ್ಪಿಗೆ ಅಷ್ಟು ದೊಡ್ಡ ಶಿಕ್ಷೆ. ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಸ್ಟೇಸಿ 1978ರಲ್ಲಿ ಗುಂಡೇಟಿಗೆ ಸತ್ತ.

ಈ ಕೊನೆಯ ಆಲ್ಬಮ್ಮನ್ನು ಅನೇಕರು ಬದಿಗೆ ತಳ್ಳುತ್ತಾರೆ, ಟಾಮಿಯ ಜಗ್ ಆಗಲಿ ರಾಕಿ ಆಗಲಿ ಹೆಚ್ಚಾಗಿ ಇಲ್ಲ ಅಂತ. ನಾನು ಒಪ್ಪುವುದಿಲ್ಲ. ಜಗ್ ಇಲ್ಲದ ಕಡೆ ಬೇಸ್‌ಗೆ ಜಾಗ ಸಿಗುತ್ತದೆ, ಸ್ಟೇಸಿಯ ಬ್ಲೂಸ್ ಹೊರಗೆ ಬರುತ್ತದೆ. ನಮ್ಮ ಸಂಜೆಯ ಪಟ್ಟಿಗೆ ಅದರಿಂದಲೂ ಹಾಡು ಸೇರಿಸಲೇಬೇಕು ಅಂತ ಪಟ್ಟು ಹಿಡಿದೆ, ಸೇರಿಸಿದೆವು.

2015ರ ಮೇ ತಿಂಗಳಲ್ಲಿ ಆಸ್ಟಿನ್‌ನ ಲೆವಿಟೇಶನ್ ಉತ್ಸವದಲ್ಲಿ ರಾಕಿ, ಟಾಮಿ, ವಾಲ್ಟನ್, ಲೆದರ್‌ಮನ್ ಮತ್ತೆ ಒಟ್ಟಿಗೆ ನುಡಿಸಿದರು. 1967ರಲ್ಲಿ ಬಿಟ್ಟುಹೋಗಿದ್ದ ಅದೇ ಡ್ರಮ್ಸ್ ಮತ್ತು ಬೇಸ್ ಜೋಡಿ. ರಾಕಿ ತೀರಿಹೋಗಿದ್ದು 2019ರಲ್ಲಿ. ಈಗ ನಮ್ಮ ಡ್ರಮ್ಮರ್ ಬೇರೆ ಊರಿಗೆ ಹೋಗಿದ್ದಾನೆ. ಹೊಸಬಳು ಬಂದಿದ್ದಾಳೆ, ಅವಳ ಕೈ ಥಾಮಸ್ ಥರ ಸಡಿಲ. ಹಾಗಾಗಿ ಪಟ್ಟಿ ಬದಲಾಯಿಸಿ, 'ಈಸ್ಟರ್ ಎವ್ರಿವೇರ್' ಹಾಡುಗಳನ್ನು ಮುಂದಕ್ಕೆ ತಂದಿದ್ದೇವೆ.