ಪಿಕಪ್ಪಿನ ಬಣ್ಣಕ್ಕೆ ಕಾವಲು: ಮೊದಲು ಫಿಲ್ಮ್, ಆಮೇಲೆ ಸೆರಾಮಿಕ್

ಬಾನೆಟ್ಟಿನ ಅಂಚಿನಲ್ಲಿ ಎಳ್ಳುಕಾಳಿನಷ್ಟು ಬಣ್ಣ ಹಾರಿತ್ತು. ತೀರ್ಥಹಳ್ಳಿಯಿಂದ ಶಿವಮೊಗ್ಗದ ಮಂಡಿಗೆ ಅಡಿಕೆ ಹೇರಿಕೊಂಡು ಹೋಗುವಾಗ ಮುಂದಿದ್ದ ಜಲ್ಲಿ ಟಿಪ್ಪರಿನಿಂದ ಸಿಡಿದ ಚೂರು. ಗಾಡಿ ಮನೆಗೆ ಬಂದು ಆಗಿನ್ನೂ ನಾಲ್ಕು ತಿಂಗಳು. ಇಷ್ಟೇ ತಾನೆ ಎಂದು ಬಿಟ್ಟೆವು. ಮಳೆಗಾಲ ಮುಗಿಯುವ ಹೊತ್ತಿಗೆ ಎಳ್ಳು ಕಡಲೆಯಾಗಿತ್ತು. ಸುತ್ತಲಿನ ಬಣ್ಣ ಗುಳ್ಳೆಯೆದ್ದು, ಉಗುರು ತಾಗಿಸಿದರೆ ಸಿಪ್ಪೆಯಂತೆ ಬರುತ್ತಿತ್ತು, ಒಳಗೆ ಕೆಂಪು ತುಕ್ಕು.

ದುಡಿಯುವ ಗಾಡಿಗೆ ಬಣ್ಣದ ಆರೈಕೆ ಶೋಕಿಯ ಮಾತಲ್ಲ. ಬಣ್ಣ ಹೋದಲ್ಲಿ ತಗಡು ಹೋಗುತ್ತದೆ, ತಗಡು ಹೋದ ಗಾಡಿಗೆ ಮಾರುವ ಹೊತ್ತಿನಲ್ಲಿ ಬೆಲೆಯಿಲ್ಲ. ಈಗ ಊರೂರಲ್ಲೂ ‘ಪಿಪಿಎಫ್’, ‘ಸೆರಾಮಿಕ್’ ಬೋರ್ಡುಗಳು ಎದ್ದಿವೆ. ಎರಡೂ ಒಂದೇ ಎಂದುಕೊಂಡು ದುಡ್ಡು ಕಳೆದುಕೊಂಡವರನ್ನು ನೋಡಿದ್ದೇನೆ. ಎರಡರ ಕೆಲಸವೂ ಬೇರೆ. ಕಲ್ಲೇಟು ತಡೆಯುವುದು ಪಿಪಿಎಫ್ ಎಂಬ ಫಿಲ್ಮ್. ಕೊಳೆ, ನೀರು ಬಣ್ಣಕ್ಕೆ ಅಂಟದಂತೆ ನೋಡಿಕೊಳ್ಳುವುದು ಸೆರಾಮಿಕ್.

ಕಾಯಬೇಕಾದದ್ದು ಎಷ್ಟು ತೆಳು

ಕಾರ್ಖಾನೆಯಲ್ಲಿ ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಕೊನೆಗೆ ಹೊಳಪಿನ ಕ್ಲಿಯರ್ ಕೋಟ್ ಕೂರುತ್ತದೆ. ಎಲ್ಲ ಸೇರಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಸಾವಿರ ಮೈಕ್ರಾನ್ ಕೂಡಿದರೆ ಒಂದು ಮಿಲಿಮೀಟರ್. ಅಂದರೆ ಇಡೀ ಬಣ್ಣ ಎರಡು ತಲೆಗೂದಲು ಒಂದರ ಮೇಲೊಂದು ಇಟ್ಟಷ್ಟು ದಪ್ಪ. ಅದರಲ್ಲೂ ಬಿಸಿಲು, ಗೀರು ಎಲ್ಲವನ್ನೂ ಮೊದಲು ತಿನ್ನುವ ಕ್ಲಿಯರ್ ಕೋಟ್ ಸುಮಾರು 40-50 ಮೈಕ್ರಾನ್ ಮಾತ್ರ.

ಪೇಂಟ್ ಪ್ರೊಟೆಕ್ಷನ್ ಫಿಲ್ಮ್, ಅಂದರೆ ಪಿಪಿಎಫ್, 150ರಿಂದ 200 ಮೈಕ್ರಾನ್ ದಪ್ಪದ ಪಾರದರ್ಶಕ ಹಾಳೆ. ಗಾಡಿಯ ಇಡೀ ಬಣ್ಣಕ್ಕಿಂತ ಹಾಳೆಯೇ ದಪ್ಪ. ಥರ್ಮೋಪ್ಲಾಸ್ಟಿಕ್ ಪಾಲಿಯುರೆಥೇನ್ ಎಂಬ, ರಬ್ಬರಿನಂತೆ ಎಳೆದರೆ ಹಿಗ್ಗಿ ಮತ್ತೆ ಕುಗ್ಗುವ ವಸ್ತು. ಅಂಗಡಿಯಲ್ಲಿ ‘ಟಿಪಿಯು’ ಎನ್ನುತ್ತಾರೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಹೆಲಿಕಾಪ್ಟರ್‌ಗಳ ರೆಕ್ಕೆಯಂಚು ಮರಳು, ಚೂರುಗಳಿಗೆ ಸವೆಯದಿರಲೆಂದು ಇಂಥ ಹಾಳೆ ಅಂಟಿಸುತ್ತಿದ್ದರು. ಆ ಕೆಲಸವೇ ಈಗ ಬಾನೆಟ್ಟಿನ ಮೇಲೆ ನಡೆಯುತ್ತಿದೆ. ಕಲ್ಲು ಬಡಿದಾಗ ಹಾಳೆ ಒಳಕ್ಕೆ ಬಗ್ಗಿ ಪೆಟ್ಟನ್ನು ನುಂಗುತ್ತದೆ. ಒಳ್ಳೆಯ ಫಿಲ್ಮಿನ ಮೇಲೆ ಬಿದ್ದ ಸಣ್ಣ ಗೀರು ಬಿಸಿಲಿಗೋ ಬಿಸಿನೀರಿಗೋ ತಾನಾಗಿ ಮಾಯುತ್ತದೆ.

ಸೆರಾಮಿಕ್ ಬಾಟಲಿಯಲ್ಲಿ ಬರುವ ದ್ರವ. ಸಿಲಿಕಾ ಮೂಲದ್ದು. ಒಣಗಿದ ಮೇಲೆ ಉಳಿಯುವ ಪದರ ಹೆಚ್ಚೆಂದರೆ ಒಂದೆರಡು ಮೈಕ್ರಾನ್. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವ ‘9ಎಚ್’ ನೋಡಿ, ಕಲ್ಲು ಬಿದ್ದರೂ ಏನೂ ಆಗದು ಎಂದು ಮಾರುವವರಿದ್ದಾರೆ. ಅದು ಪೆನ್ಸಿಲ್ ಪರೀಕ್ಷೆಯ ಅಂಕೆ. 9ಎಚ್ ಗಡಸಿನ ಪೆನ್ಸಿಲ್ ಮೊನೆಯಿಂದ ಗೀಚಿದರೆ ಗೀರು ಬೀಳುವುದಿಲ್ಲ ಎಂದಷ್ಟೇ ಅದರ ಅರ್ಥ. ಜಲ್ಲಿಕಲ್ಲು ಪೆನ್ಸಿಲ್ ಅಲ್ಲ. ಆದರೆ ಸೆರಾಮಿಕ್ ಹಾಕಿದ ಮೈಮೇಲೆ ಕೆಸುವಿನೆಲೆಯ ಮೇಲಿನ ಹಾಗೆ ನೀರು ಉರುಳಿ ಹೋಗುತ್ತದೆ, ಕೆಸರು ನೀರಿನ ಜೊತೆಗೇ ಇಳಿಯುತ್ತದೆ. ಮಲೆನಾಡಿನ ಕೆಂಪುಮಣ್ಣಿನಲ್ಲಿ ಓಡುವ ಗಾಡಿಗೆ ಇದು ಸಣ್ಣ ಉಪಕಾರವಲ್ಲ. ಉಜ್ಜುವುದು ಕಡಿಮೆಯಾದಷ್ಟೂ ಗೀರು ಕಡಿಮೆ.

ಎಲ್ಲೆಲ್ಲಿ ಫಿಲ್ಮ್ ಬೇಕು

ಇಡೀ ಗಾಡಿಗೆ ಫಿಲ್ಮ್ ಸುತ್ತಿಸಿದರೆ ಖರ್ಚು ಲಕ್ಷದ ಲೆಕ್ಕಕ್ಕೆ ಹೋಗುತ್ತದೆ. ಬಾಡಿಗೆ ಓಡಿಸುವವರಿಗೆ ಅದು ಬೇಡವೆಂದೇ ನನ್ನ ಖಚಿತ ಅಭಿಪ್ರಾಯ. ಕಲ್ಲು ಬೀಳುವ ಜಾಗಗಳು ಲೆಕ್ಕಕ್ಕೆ ಸಿಗುವಷ್ಟೇ ಇವೆ: ಬಾನೆಟ್ಟಿನ ಮುಂಭಾಗ, ಬಣ್ಣ ಹಚ್ಚಿದ ಬಂಪರ್, ಗಾಜಿನ ಮೇಲಿನ ಛಾವಣಿಯಂಚು, ಕನ್ನಡಿಯ ಬೆನ್ನು, ಮುಂಚಕ್ರದ ಹಿಂದಿನ ಬಾಗಿಲಿನ ಕೆಳಭಾಗ. ಇವುಗಳ ಜೊತೆಗೆ ದುಡಿಯುವ ಗಾಡಿಗೇ ವಿಶೇಷವಾದ ಎರಡು ಜಾಗ ಸೇರಿಸಿ. ಒಂದು, ಬಾಗಿಲ ಹಿಡಿಯ ಹಿಂದಿನ ಗುಳಿ. ಉಂಗುರ, ಬೀಗದ ಕೈ ತಾಗಿ ಅಲ್ಲಿ ಗೀರಿನ ಜಾತ್ರೆ. ಇನ್ನೊಂದು, ಮಾಲು ಹತ್ತಿಸುವಾಗ ಮೂಟೆ ಎಳೆಯುವ ಹಿಂಬದಿ ಅಂಚು. ತೋಟದ ದಾರಿಯಲ್ಲಿ ಕಾಫಿ ಗಿಡ, ಲಂಟಾನ ಸವರುವುದಾದರೆ ಎರಡೂ ಬಾಗಿಲುಗಳಿಗೆ ಪೂರ್ತಿ ಹಾಕಿಸಿದರೂ ನಷ್ಟವಿಲ್ಲ. ಉಳಿದ ಮೈಗೆಲ್ಲ ಸೆರಾಮಿಕ್ ಸಾಕು.

ಮಾಲು ತುಂಬುವ ಬಾಡಿಯ ಒಳಗೆ ಮಾತ್ರ ಇವೆರಡೂ ವ್ಯರ್ಥ. ಅಲ್ಲಿಗೆ ದಪ್ಪ ರಬ್ಬರ್ ಮ್ಯಾಟ್ ಅಥವಾ ಸ್ಪ್ರೇ ಮಾಡುವ ಬೆಡ್‌ಲೈನರ್ ಎಂಬ ದಪ್ಪ ಪದರ ಸರಿ. ಮಲ್ಪೆ, ಕಾರವಾರದ ಕಡೆ ಮೀನು ಹೇರುವವರು ಐಸಿನ ಉಪ್ಪುನೀರು ಮ್ಯಾಟಿನ ಕೆಳಗೆ ನಿಲ್ಲದಂತೆ, ತಳದ ತೂತುಗಳು ಕಟ್ಟಿಕೊಳ್ಳದಂತೆ ನೋಡಿಕೊಳ್ಳಬೇಕು. ಅಡಿಭಾಗಕ್ಕೆ ತುಕ್ಕುನಿರೋಧಕ ಕೋಟಿಂಗ್ ಬೇರೆಯದೇ ಕೆಲಸ, ಅದನ್ನೂ ಬಿಡಬೇಡಿ.

ಅಂಗಡಿಗೆ ಹೋಗುವ ಮುನ್ನ

ಬಣ್ಣ ಹಾರಿದ ಜಾಗಗಳಿದ್ದರೆ ಮೊದಲು ತುಕ್ಕು ಕೆರೆದು ಟಚ್‌ಅಪ್ ಮಾಡಿಸಿ. ತುಕ್ಕಿನ ಮೇಲೆ ಫಿಲ್ಮ್ ಹಾಕಿದರೆ ಅದು ಒಳಗೊಳಗೇ ಹರಡುತ್ತದೆ. ಗ್ಯಾರೇಜಿನಲ್ಲಿ ಮತ್ತೆ ಬಣ್ಣ ಹೊಡೆಸಿದ್ದರೆ ಕನಿಷ್ಠ ಒಂದು ತಿಂಗಳು ಕಾಯಿರಿ. ಹೊಸ ಬಣ್ಣದೊಳಗಿನ ಥಿನ್ನರ್ ಆವಿಯಾಗಿ ಹೊರಬರಬೇಕು, ಇಲ್ಲದಿದ್ದರೆ ಫಿಲ್ಮಿನ ಕೆಳಗೆ ಗುಳ್ಳೆಯೇಳುತ್ತದೆ. ಹಳೆಯದಾಗಿ ಸಡಿಲಗೊಂಡ ರೀಪೇಂಟ್ ಇದ್ದರೆ, ಮುಂದೊಂದು ದಿನ ಫಿಲ್ಮ್ ಕಿತ್ತಾಗ ಬಣ್ಣವೂ ಅದರ ಜೊತೆ ಬರಬಹುದು. ಇದನ್ನು ಅಂಗಡಿಯವರಿಗೆ ಮುಚ್ಚಿಡದೆ ಹೇಳಿ.

ನಿಮ್ಮ ಗಾಡಿಗೆ ಕ್ಲಿಯರ್ ಕೋಟ್ ಇದೆಯೇ ಎಂದು ನೀವೇ ನೋಡಬಹುದು. ಕಾಣದ ಮೂಲೆಯಲ್ಲಿ ಚೂರು ಪಾಲಿಶ್ ಹಾಕಿ ಬಟ್ಟೆಯಲ್ಲಿ ಉಜ್ಜಿ. ಬಟ್ಟೆಗೆ ಗಾಡಿಯ ಬಣ್ಣವೇ ಹತ್ತಿದರೆ ಮೇಲೆ ಕ್ಲಿಯರ್ ಕೋಟ್ ಇಲ್ಲವೆಂದು ಅರ್ಥ. ಬಿಳಿ ಗಾಡಿಗೆ ಕಪ್ಪು ಬಟ್ಟೆ ಬಳಸಿ, ಇಲ್ಲದಿದ್ದರೆ ಗೊತ್ತಾಗದು. ಕ್ಲಿಯರ್ ಕೋಟ್ ಇಲ್ಲದ ಗಾಡಿಗೆ ಮೆಷಿನ್ ಪಾಲಿಶ್ ತುಂಬ ಹಗುರವಾಗಿರಲಿ.

ಟಿಪಿಯು ಎಂದು ಹೇಳಿ ಪಿವಿಸಿ ಹಾಳೆ ಅಂಟಿಸುವುದು ಈ ವ್ಯಾಪಾರದ ಮುಖ್ಯ ಮೋಸ. ಒಂದು ತುಂಡು ಕೇಳಿ ಪಡೆದು ಚೆನ್ನಾಗಿ ಎಳೆಯಿರಿ. ಟಿಪಿಯು ಹಿಗ್ಗಿ, ಬಿಟ್ಟ ಮೇಲೆ ಹೆಚ್ಚುಕಡಿಮೆ ಮೊದಲಿನಂತಾಗುತ್ತದೆ. ಅಗ್ಗದ ಪಿವಿಸಿ ಜೋತುಬಿದ್ದು ಹಾಗೇ ಉಳಿಯುತ್ತದೆ. ಹಿತ್ತಾಳೆ ಬ್ರಷ್ಷಿನಿಂದ ಹಗುರವಾಗಿ ಗೀಚಿ ಬಿಸಿನೀರು ಹೊಯ್ದು ಗೀರು ಮಾಯುತ್ತದೆಯೇ ನೋಡಿ. ರೋಲಿನ ಪೆಟ್ಟಿಗೆ ನಿಮ್ಮೆದುರಿಗೇ ತೆರೆಯಲಿ, ವಾರಂಟಿ ಗಾಡಿಯ ನಂಬರಿಗೆ ನೋಂದಣಿಯಾಗಲಿ. ವಾರಂಟಿ ಸಾಮಾನ್ಯವಾಗಿ ಹಾಳೆ ಹಳದಿಯಾಗುವುದು, ಬಿರಿಯುವುದು, ಏಳುವುದಕ್ಕೆ ಇರುತ್ತದೆ, ಕಲ್ಲು ಬಿದ್ದು ಹರಿದದ್ದಕ್ಕಲ್ಲ. ಇನ್ನೊಂದು ಪ್ರಶ್ನೆ ಕೇಳಲೇಬೇಕು: ಹಾಳೆಯನ್ನು ಕಂಪ್ಯೂಟರ್ ಪ್ಲಾಟರಿನಲ್ಲಿ ಮೊದಲೇ ಕತ್ತರಿಸುತ್ತೀರೋ, ಗಾಡಿಯ ಮೇಲಿಟ್ಟು ಬ್ಲೇಡಿನಿಂದ ಕತ್ತರಿಸುತ್ತೀರೋ? ಬ್ಲೇಡ್ ಕೈತಪ್ಪಿದರೆ ಬಣ್ಣ ಸೀಳಿ ತಗಡಿಗೇ ತಾಗುತ್ತದೆ, ಅದು ಫಿಲ್ಮಿನ ಅಂಚಿನಡಿ ಮುಚ್ಚಿಹೋಗಿ ವರ್ಷದ ಮೇಲೆ ತುಕ್ಕಾಗಿ ಎದ್ದು ಬರುತ್ತದೆ. ಬಣ್ಣ ಬದಲಿಸುವ ಫಿಲ್ಮ್ ಬೇಕೆನ್ನುವವರು ಆರ್‌ಸಿಯಲ್ಲಿ ನಮೂದಾದ ಬಣ್ಣವನ್ನು ಮರೆಯಬಾರದು. ಆರ್‌ಟಿಒದಲ್ಲಿ ಮೊದಲು ವಿಚಾರಿಸಿ.

ತೊಳೆಯುವುದರಲ್ಲೇ ಅರ್ಧ ಕೆಲಸ

ಇಷ್ಟೆಲ್ಲ ಕೆಲಸಕ್ಕೆ ಗಾಡಿಗೆ ಕೆಲವು ದಿನ ಬಿಡುವು ಬೇಕು. ನಮ್ಮ ಕಡೆ ಅಡಿಕೆ ಕೊಯ್ಲು ಮುಗಿದು, ಮಳೆ ಇನ್ನೂ ದೂರವಿರುವ ಫೆಬ್ರವರಿ-ಮಾರ್ಚ್ ಸರಿಯಾದ ಕಾಲ.

ವಾಟರ್ ಸರ್ವಿಸ್‌ನಲ್ಲಿ ಪ್ರೆಶರ್ ನೀರು ಹಾಯಿಸಿ ಮಣ್ಣನ್ನೆಲ್ಲ ಇಳಿಸಿದ ಮೇಲೆಯೇ ಕೈ ಹಚ್ಚಬೇಕು. ಸಂಡೂರಿನ ಕಡೆ ಅದಿರಿನ ದೂಳು ಕೂತ ಗಾಡಿಯನ್ನು ಒಣಬಟ್ಟೆಯಲ್ಲಿ ಒರೆಸಿದರೆ ಮರಳುಕಾಗದ ತಿಕ್ಕಿದಂತೆಯೇ. ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಗಾಡಿಯ ಶಾಂಪೂ, ಇನ್ನೊಂದರಲ್ಲಿ ಬರಿ ನೀರು. ಬಟ್ಟೆಯನ್ನು ಪ್ರತಿ ಸಲ ಬರಿ ನೀರಿನಲ್ಲಿ ಜಾಲಿಸಿ ಆಮೇಲೆ ಶಾಂಪೂಗೆ ಅದ್ದಿ. ಬಟ್ಟೆ ಒಗೆಯುವ ಪುಡಿ, ಡೀಸೆಲ್, ಬನಿಯನ್ ವೇಸ್ಟ್, ಇವು ಮೂರನ್ನೂ ಬಣ್ಣದ ಹತ್ತಿರ ತರಬೇಡಿ. ಡೀಸೆಲ್ ಒರೆಸಿದ ಹೊಳಪು ಸಂಜೆಯವರೆಗೆ, ಅದಕ್ಕೆ ಅಂಟುವ ದೂಳು ವಾರವಿಡೀ.

ಆಮೇಲೆ ಡಾಂಬರಿನ ಚುಕ್ಕೆಗೆ ಟಾರ್ ರಿಮೂವರ್. ಬ್ರೇಕಿನಿಂದ ಸಿಡಿದು ಬಣ್ಣಕ್ಕೆ ಚುಚ್ಚಿಕೊಂಡ ಕಬ್ಬಿಣದ ಕಣಗಳಿಗೆ ಐರನ್ ರಿಮೂವರ್ ಸಿಂಪಡಿಸಿ. ಕಣವಿದ್ದಲ್ಲೆಲ್ಲ ನೇರಳೆ ಬಣ್ಣ ಒಸರುತ್ತದೆ. ಅದು ಒಣಗಲು ಬಿಡದೆ ತೊಳೆಯಿರಿ. ಕೊನೆಗೆ ಕ್ಲೇ ಬಾರ್, ನೋಡಲು ಜೇಡಿಮಣ್ಣಿನ ಉಂಡೆಯ ಹಾಗೆ. ನೀರು ಸಿಂಪಡಿಸಿ ಮೇಲ್ಮೈ ಮೇಲೆ ಜಾರಿಸುತ್ತ ಹೋದರೆ ಕಣ್ಣಿಗೆ ಕಾಣದ ಕೊಳೆಯೆಲ್ಲ ಅದಕ್ಕೆ ಹತ್ತುತ್ತದೆ. ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಬಾನೆಟ್ ಸವರಿ. ರವೆ ಸವರಿದಂತೆ ತರಿತರಿಯಾಗಿದ್ದರೆ ಕೆಲಸ ಇನ್ನೂ ಬಾಕಿ ಇದೆ.

ಗೀರುಗಳಿದ್ದರೆ ಈಗ ಮೆಷಿನ್ ಪಾಲಿಶ್. ಪ್ರತಿ ಸಲವೂ ಅದು ಕ್ಲಿಯರ್ ಕೋಟನ್ನು ತುಸು ಸವೆಸುವುದರಿಂದ, ಬಣ್ಣದ ದಪ್ಪ ಅಳೆಯುವ ಮೀಟರ್ ಇಟ್ಟು ನೋಡುವ ಕೆಲಸಗಾರ ಸಿಕ್ಕರೆ ಅವನನ್ನು ಬಿಡಬೇಡಿ. ಕೊನೆಯಲ್ಲಿ ಐಸೋಪ್ರೊಪೈಲ್ ಆಲ್ಕೊಹಾಲ್ ಬೆರೆಸಿದ ನೀರಿನಿಂದ ಒರೆಸಿ, ಪಾಲಿಶ್ಶಿನ ಎಣ್ಣೆಯಂಶ ಪೂರ್ತಿ ತೆಗೆಯಬೇಕು.

ಫಿಲ್ಮ್ ಕೂರಿಸುವಾಗ

ಬಾನೆಟ್, ಬಂಪರ್ ನುರಿತವರ ಕೆಲಸ. ಬಾಗಿಲ ಹಿಡಿಯ ಗುಳಿ, ಹಿಂಬದಿ ಅಂಚಿನಂಥ ಸಣ್ಣ ತುಂಡುಗಳನ್ನು ಮನೆಯಲ್ಲೇ ಹಾಕಬಹುದು. ಗಾಳಿ, ದೂಳು ಇಲ್ಲದ ಕೋಣೆ ಬೇಕು, ಫ್ಯಾನ್ ಬೇಡ. ಒಂದು ಬಾಟಲಿಯಲ್ಲಿ ನೀರಿಗೆ ಕೆಲವು ಹನಿ ಬೇಬಿ ಶಾಂಪೂ, ಇನ್ನೊಂದರಲ್ಲಿ ನೀರಿಗೆ ಸ್ವಲ್ಪ ಐಸೋಪ್ರೊಪೈಲ್. ಗಾಡಿಯ ಮೈ, ಹಾಳೆಯ ಅಂಟು, ನಿಮ್ಮ ಬೆರಳು ಎಲ್ಲವನ್ನೂ ಶಾಂಪೂ ನೀರಿನಲ್ಲಿ ಚೆನ್ನಾಗಿ ತೋಯಿಸಿ ಹಾಳೆಯನ್ನು ಇಟ್ಟರೆ ಬೇಕಾದ ಕಡೆಗೆ ಜಾರಿಸಬಹುದು. ಜಾಗಕ್ಕೆ ಬಂದ ಮೇಲೆ ಅಂಚುಗಳಿಗೆ ಎರಡನೆಯ ಬಾಟಲಿಯ ನೀರು ಹಾಕಿದರೆ ಅಂಟು ಹಿಡಿಯುತ್ತದೆ. ಆಮೇಲೆ ರಬ್ಬರ್ ಸ್ಕ್ವೀಜಿಯಿಂದ ನಡುವಿನಿಂದ ಹೊರಕ್ಕೆ ನೀರು ತಳ್ಳುತ್ತ ಬನ್ನಿ. ತಿರುವಿನಲ್ಲಿ ಹೀಟ್ ಗನ್ ಹಿಡಿದು ಹಗುರ ಬಿಸಿ ಕೊಟ್ಟರೆ ಹಾಳೆ ಬಗ್ಗುತ್ತದೆ. ಹೆಚ್ಚು ಎಳೆದು ಕೂರಿಸಿದ ಹಾಳೆ ಮುಂದೆ ಅಲ್ಲಿಂದಲೇ ಏಳುತ್ತದೆ.

ಸಣ್ಣ ನೀರಿನ ಗುಳ್ಳೆ ಉಳಿದರೆ ಗಾಬರಿ ಬೇಡ, ಕೆಲವು ದಿನಗಳಲ್ಲಿ ಆರುತ್ತದೆ. ಸೂಜಿ ಚುಚ್ಚಬೇಡಿ. ಒಂದು ವಾರ ಗಾಡಿ ತೊಳೆಯದಿರಿ.

ಸೆರಾಮಿಕ್ ಫಿಲ್ಮಿನ ಮೇಲೆ ಹಾಕಬಹುದು. ಸೆರಾಮಿಕ್ ಹಾಕಿದ ಮೇಲೆ ಫಿಲ್ಮ್ ಹಾಕಿಸಬಾರದು. ನೀರನ್ನೇ ನಿಲ್ಲಗೊಡದ ಮೇಲ್ಮೈಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಪರಿಚಯದವರೊಬ್ಬರ ಹೊಸ ಗಾಡಿಗೆ ಡೆಲಿವರಿಗೆ ಮುಂಚೆಯೇ ಸೆರಾಮಿಕ್ ಹಾಕಿ ಕೊಟ್ಟಿದ್ದರು. ಆಮೇಲೆ ಫಿಲ್ಮ್ ಹಾಕಿಸಿದರು, ಅಂಚುಗಳು ತಿಂಗಳಲ್ಲೇ ಎದ್ದವು. ಕಡೆಗೆ ಪಾಲಿಶ್ ಮಾಡಿ ಸೆರಾಮಿಕ್ ಕೆರೆಸಿ, ಎರಡಕ್ಕೂ ಮತ್ತೆ ದುಡ್ಡು ತೆತ್ತರು.

ಸೆರಾಮಿಕ್ ಹಚ್ಚುವ ಬಗೆ

ಫಿಲ್ಮ್ ಒಂದೆರಡು ದಿನ ಆರಿದ ಮೇಲೆ ಇದನ್ನು ನೆರಳಿನಲ್ಲಿ, ತಣ್ಣಗಿರುವ ತಗಡಿನ ಮೇಲೆ ಮಾಡಬೇಕು. ಪ್ಯಾಡಿಗೆ ಕೆಲವು ಹನಿ ಹಾಕಿ, ಎರಡಡಿ ಚೌಕದಷ್ಟು ಜಾಗಕ್ಕೆ ಮೊದಲು ಉದ್ದುದ್ದ, ಆಮೇಲೆ ಅಡ್ಡಡ್ಡ ಹಚ್ಚಿ. ಸ್ವಲ್ಪ ಹೊತ್ತಿಗೆ ನೀರಿನ ಮೇಲೆ ಎಣ್ಣೆ ಬಿದ್ದಂತೆ ಕಾಮನಬಿಲ್ಲಿನ ಬಣ್ಣ ಮೂಡುತ್ತದೆ. ಆಗ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ, ಇನ್ನೊಂದು ಒಣಬಟ್ಟೆಯಿಂದ ಮತ್ತೆ ಒರೆಸಿ. ಟಾರ್ಚ್ ಓರೆ ಹಿಡಿದು ನೋಡಿ. ಬಿಟ್ಟುಹೋದ ಪಟ್ಟಿ ಗಟ್ಟಿಯಾದ ಮೇಲೆ ಪಾಲಿಶ್ ಮಾಡದೆ ಹೋಗದು. ಕೈಗವಸು ಹಾಕಿಕೊಳ್ಳಿ, ಕಿಟಕಿ ತೆರೆದಿರಲಿ. ಬಳಸಿದ ಬಟ್ಟೆಯಲ್ಲಿ ಸೆರಾಮಿಕ್ ಒಣಗಿ ಗಾಜಿನ ಪುಡಿಯಂತಾಗುತ್ತದೆ, ಒಗೆದು ಮತ್ತೆ ಗಾಡಿಗೆ ಹಚ್ಚದೆ ಎಸೆದುಬಿಡಿ. ಮೊದಲ 24 ಗಂಟೆ ಒಂದು ಹನಿ ನೀರೂ ಬೀಳಬಾರದು, ಶಾಂಪೂ ಒಂದು ವಾರದ ಮೇಲೆ.

ಆಮೇಲಿನ ದಿನಗಳು

ಪ್ರೆಶರ್ ವಾಷರಿನ ಮೂತಿಯನ್ನು ಫಿಲ್ಮಿನ ಅಂಚಿಗೆ ಹತ್ತಿರದಿಂದ ಹಿಡಿಯಲು ಬಿಡಬೇಡಿ. ಹಕ್ಕಿಯ ಹಿಕ್ಕೆ, ರಾತ್ರಿ ಓಟದಲ್ಲಿ ಬಡಿದು ಸತ್ತ ಹುಳು ಅಂದೇ ತೊಳೆದು ಹೋಗಲಿ. ಕೋಲಾರ, ಚಿಕ್ಕಬಳ್ಳಾಪುರದ ಬೋರ್‌ವೆಲ್ ನೀರಿನಂಥ ಗಡಸು ನೀರಿಗೆ ಸೆರಾಮಿಕ್ ಸಹ ಸೋಲುತ್ತದೆ: ಹನಿ ನಿಂತಲ್ಲೇ ಆರಿದರೆ ಸುಣ್ಣದ ಬಿಳಿ ಉಂಗುರ ಉಳಿಯುತ್ತದೆ. ತೊಳೆದ ಕೂಡಲೆ ಒರೆಸುವುದೇ ಇದಕ್ಕೆ ಪರಿಹಾರ. ಕಲೆ ಕೂತಿದ್ದರೆ ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ ಒತ್ತಿ ಒರೆಸಿ, ತಕ್ಷಣ ತೊಳೆಯಿರಿ.

ಆಯುಧಪೂಜೆಯ ಹಿಂದಿನ ದಿನ ಮನೆಯವರಿಗೆಲ್ಲ ಒಂದು ಮಾತು ಹೇಳಿಡಿ. ಹಸಿ ಅರಿಶಿನ, ಕುಂಕುಮ ಫಿಲ್ಮಿಗೆ ಬಣ್ಣ ಹಿಡಿಸಬಹುದು. ವಿಭೂತಿಯ ಪಟ್ಟೆಯನ್ನು ಮಾರನೆಯ ದಿನ ಒಣಗಿದ್ದಂತೆಯೇ ಉಜ್ಜಿದರೆ ಗೀರು ಬೀಳುತ್ತದೆ. ನಾವು ಈಗ ಗಂಧ, ಕುಂಕುಮವನ್ನು ಮುಂಗಾಜಿನ ಮೇಲ್ಮೂಲೆಗೂ ಚಕ್ರಗಳಿಗೂ ಇಡುತ್ತೇವೆ. ಹೂವಿನ ಹಾರಕ್ಕೆ ಟೇಪ್ ಬದಲು ದಾರ, ಅದೂ ಗ್ರಿಲ್ಲಿಗೆ ಕಟ್ಟಿ. ಬಾಳೆಕಂದಿನ ರಸ ಬಣ್ಣದ ಮೇಲಿಳಿದರೆ ಕರೆಯಾಗುತ್ತದೆ, ಕಟ್ಟುವ ಕಡೆ ಹಳೆಯ ಬಟ್ಟೆ ಸುತ್ತಿರಿ.

ಮಳೆಗಾಲ ಮುಗಿದ ಮೇಲೆ ಒಮ್ಮೆ ಫಿಲ್ಮಿನ ಅಂಚುಗಳನ್ನೆಲ್ಲ ಬೆರಳಾಡಿಸಿ ನೋಡಿ. ಎಲ್ಲಾದರೂ ಎದ್ದು ಒಳಗೆ ಕೆಸರು ಸೇರಿದ್ದರೆ ಅಂಗಡಿಗೆ ಒಯ್ಯಿರಿ. ದೊಡ್ಡ ಕಲ್ಲು ಬಿದ್ದು ತೂತಾಗಿದ್ದರೆ ಆ ಒಂದು ಭಾಗದ ಹಾಳೆಯನ್ನಷ್ಟೇ ಬಿಸಿ ಕೊಟ್ಟು, ನಿಧಾನವಾಗಿ ಓರೆಯಾಗಿ ಸುಲಿದು ಹೊಸದು ಹಾಕುತ್ತಾರೆ. ನಮ್ಮ ಬಾನೆಟ್ಟಿನ ಫಿಲ್ಮ್ ಕಳೆದ ವರ್ಷ ಹೀಗೆ ಬದಲಾಯಿತು. ಸುಲಿದ ಹಾಳೆಯನ್ನು ಬೆಳಕಿಗೆ ಹಿಡಿದು ಎಣಿಸಿದೆ: ಹನ್ನೊಂದು ಕಡೆ ಕಲ್ಲೇಟಿನ ಗುರುತು. ಅದರ ಕೆಳಗಿನ ಬಣ್ಣದಲ್ಲಿ ಒಂದೂ ಇರಲಿಲ್ಲ.