ಹಳೆಯ ಕಾದಂಬರಿಗೆ ರಂಗರೂಪ ಬರೆಯುವ ಬಗೆ

ತುಮಕೂರು, ಕೋಲಾರದ ಕಡೆಯ ಹವ್ಯಾಸಿ ತಂಡಗಳು ಹೆಸರಾಂತ ಕಾದಂಬರಿಯೊಂದನ್ನು ಆಡಲು ಹೊರಟಾಗ ಸಾಮಾನ್ಯವಾಗಿ ಪುಸ್ತಕದ ಸಂಭಾಷಣೆಗಳಿಗೆಲ್ಲ ಗೆರೆ ಎಳೆದು, ಅವನ್ನು ಸಾಲಾಗಿ ಬರೆದುಕೊಂಡು, ನಡುವಿನ ಕಥೆಯನ್ನು ಸೂತ್ರಧಾರನ ಬಾಯಿಗೆ ಹಾಕುತ್ತವೆ. ಇಂಥ ಪಠ್ಯ ಓದಲು ಚೆನ್ನಾಗಿರುತ್ತದೆ, ತಾಲೀಮಿನಲ್ಲಿ ಮಾತ್ರ ಮೇಲೇಳುವುದಿಲ್ಲ. ಕಾದಂಬರಿಯ ಶಕ್ತಿ ಬಹುಮಟ್ಟಿಗೆ ಲೇಖಕರ ನಿರೂಪಣೆಯಲ್ಲಿ ಇರುತ್ತದೆಯಾದ್ದರಿಂದ, ಆ ನಿರೂಪಣೆಯನ್ನು ರಂಗದ ಮೇಲೆ ಏನಾಗಿ ಮಾಡಬೇಕೆಂದು ತೀರ್ಮಾನಿಸುವುದೇ ರಂಗರೂಪ ಬರೆಯುವವರ ಮುಖ್ಯ ಕೆಲಸ.

ಪೆನ್ನು ಹಿಡಿಯುವ ಮೊದಲು ಹಕ್ಕಿನ ವಿಷಯವನ್ನು ಮುಗಿಸಿಕೊಳ್ಳಬೇಕು. ನಮ್ಮಲ್ಲಿ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷಗಳವರೆಗೆ ಹಕ್ಕು ವಾರಸುದಾರರಲ್ಲಿ ಉಳಿಯುತ್ತದೆ. 1930ರಲ್ಲಿ ತೀರಿಕೊಂಡ ಎಂ.ಎಸ್. ಪುಟ್ಟಣ್ಣನವರ ಕೃತಿಗಳನ್ನು ಯಾರು ಬೇಕಾದರೂ ಬಳಸಬಹುದು. 1986ರಲ್ಲಿ ತೀರಿಕೊಂಡ ಮಾಸ್ತಿಯವರ ಕೃತಿಗಳಿಗೆ 2046ರ ಕೊನೆಯವರೆಗೂ ಅನುಮತಿ ಬೇಕು. ಟಿಕೆಟ್ ಇಡುವುದಿಲ್ಲವಾದ್ದರಿಂದ ಕೇಳಬೇಕಾಗಿಲ್ಲ ಎಂದು ಭಾವಿಸಬಾರದು, ಏಕೆಂದರೆ ರೂಪಾಂತರ ಮಾಡುವುದೇ ಪ್ರತ್ಯೇಕವಾದ ಒಂದು ಹಕ್ಕು. ಅನುಮತಿ ಬರಹದಲ್ಲಿಯೇ ಇರಲಿ.

ಆಮೇಲೆ ಕಾದಂಬರಿಯನ್ನು ಎರಡು ಸಲ ಓದಿ, ಪುಸ್ತಕ ಮುಚ್ಚಿಟ್ಟು, ನೆನಪಿನಿಂದ ಕಥೆಯನ್ನು ಒಂದು ಪುಟದಲ್ಲಿ ಬರೆಯಿರಿ. ನೆನಪಿನಲ್ಲಿ ಉಳಿಯದ ಪ್ರಸಂಗಗಳಲ್ಲಿ ಹೆಚ್ಚಿನವು ನಾಟಕಕ್ಕೂ ಬೇಕಾಗುವುದಿಲ್ಲ. ಇಲ್ಲಿ ಉತ್ತರಿಸಬೇಕಾದ ಪ್ರಶ್ನೆಯೆಂದರೆ, ಇದು ಯಾರ ನಾಟಕ? ಮಾಲೂರು ತಾಲ್ಲೂಕಿನವರೇ ಆದ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ವನ್ನು ತೆಗೆದುಕೊಂಡರೆ, 1834ರಲ್ಲಿ ಕೊಡಗು ಕಂಪನಿ ಸರ್ಕಾರದ ಕೈಸೇರಿದ ಆ ಕಥೆಯನ್ನು ಅರಸನ ಪತನವಾಗಿ ಹೇಳಬಹುದು, ರಾಣಿ ಗೌರಮ್ಮನ ಸಂಕಟವಾಗಿ ಹೇಳಬಹುದು, ಅರಸನ ನೆರಳಿನಂತಿರುವ ಕುಂಟ ಬಸವನ ಕಥೆಯಾಗಿಯೂ ಹೇಳಬಹುದು. ಕಾದಂಬರಿಯಲ್ಲಿ ಮೂರಕ್ಕೂ ಜಾಗವಿದೆ. ಎರಡು ಗಂಟೆಯ ನಾಟಕದಲ್ಲಿ ಒಂದು ಮುಂದೆ ನಿಂತು ಉಳಿದೆರಡು ಹಿಂದೆ ಸರಿಯಲೇಬೇಕು. ನನ್ನನ್ನು ಕೇಳಿದರೆ ಬಸವನನ್ನು ಆರಿಸಿಕೊಳ್ಳುವೆ, ಏಕೆಂದರೆ ಅರಮನೆಯ ಒಳಗೂ ಹೊರಗೂ ಸಲೀಸಾಗಿ ಓಡಾಡಬಲ್ಲ ಪಾತ್ರವೊಂದು ಸಿಕ್ಕರೆ ದೃಶ್ಯಗಳನ್ನು ಜೋಡಿಸುವ ಅರ್ಧ ಕಷ್ಟ ತಾನಾಗಿ ಕಳೆಯುತ್ತದೆ.

ಕಾದಂಬರಿಯನ್ನು ಇಡಿಯಾಗಿ ತರಬಾರದೆಂದೇನೂ ಇಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಗೆ ಕೋಲಾರ ಜಿಲ್ಲೆಯವರಾದ ಕೆ.ವೈ. ನಾರಾಯಣಸ್ವಾಮಿ ರಂಗರೂಪ ಬರೆದರು, ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಅದು ಸುಮಾರು ಒಂಬತ್ತು ಗಂಟೆ, ರಾತ್ರಿಯಿಡೀ ನಡೆಯಿತು, ಪ್ರೇಕ್ಷಕರು ಒಂದು ರಂಗಸ್ಥಳದಿಂದ ಇನ್ನೊಂದಕ್ಕೆ ನಡೆದುಹೋಗಿ ನೋಡಿದರು. ಆದರೆ ಅದರ ಹಿಂದೆ ದೊಡ್ಡ ತಂಡವೂ ಸಂಸ್ಥೆಯ ಬೆಂಬಲವೂ ಇದ್ದವು. ಹತ್ತು ಹನ್ನೆರಡು ಜನರಿರುವ ತಂಡ ಮೊದಲು ತನ್ನ ನಟರನ್ನು ಎಣಿಸಿಕೊಂಡು, ಆನಂತರ ಪಾತ್ರಗಳನ್ನು ಎಣಿಸುವುದು ಕ್ಷೇಮ.

ಈಗ ನಿರೂಪಣೆಯ ಮಾತು. ಕಾದಂಬರಿಯೊಂದರಲ್ಲಿ ಹೀಗೊಂದು ವಾಕ್ಯ ಇದೆಯೆಂದು ಇಟ್ಟುಕೊಳ್ಳೋಣ: ‘ತಂದೆ ತೀರಿಕೊಂಡ ಮೇಲೆ ಅಣ್ಣತಮ್ಮಂದಿರ ನಡುವೆ ಮಾತು ನಿಂತಿತು, ಒಂದೇ ಸೂರಿನಡಿ ಎರಡು ವರ್ಷ ಎರಡು ಒಲೆ ಉರಿದವು.’ ಇದನ್ನು ಸೂತ್ರಧಾರ ಹೇಳಿಬಿಟ್ಟರೆ ಪ್ರೇಕ್ಷಕರಿಗೆ ಸುದ್ದಿ ಮುಟ್ಟುತ್ತದೆ, ಜಗಳ ಕಾಣುವುದಿಲ್ಲ. ಅದರ ಬದಲು ತಮ್ಮನ ಹತ್ತು ವರ್ಷದ ಮಗಳನ್ನು ಇಬ್ಬರ ನಡುವೆ ನಿಲ್ಲಿಸಿ ನೋಡಿ. ತಮ್ಮನಾದವನು ಎದುರಿಗೇ ಕೂತಿರುವ ಅಣ್ಣನ ಕಡೆ ತಿರುಗದೆ, ‘ನಿಮ್ಮ ದೊಡ್ಡಪ್ಪಂಗೆ ಹೇಳಮ್ಮ, ಇವತ್ತು ಕಪಿಲೆ ಸರದಿ ನಮ್ದು ಅಂತ’ ಎಂದು ಬಾವಿಯಿಂದ ನೀರೆತ್ತುವ ಸರದಿಯ ಮಾತೆತ್ತುತ್ತಾನೆ. ಹುಡುಗಿ ತಿರುಗಿ ಅದನ್ನೇ ಒಪ್ಪಿಸುತ್ತಾಳೆ. ಅಣ್ಣ, ‘ನಿಮ್ಮಪ್ಪಂಗೆ ಹೇಳು, ನೆನ್ನೆನೂ ಅವಂದೇ ಆಗಿತ್ತು’ ಎನ್ನುತ್ತಾನೆ. ಅದನ್ನೂ ಒಪ್ಪಿಸುತ್ತಾಳೆ. ಮೂರನೆಯ ಸಲ ಅಪ್ಪ ಬಾಯಿ ತೆರೆದಾಗ ಅವಳು ತಿರುಗುವುದೇ ಇಲ್ಲ. ‘ಕೇಳಿಸ್ತಲ್ಲ ದೊಡ್ಡಪ್ಪ’ ಎಂದು ಬಿಂದಿಗೆ ಎತ್ತಿಕೊಂಡು ಹೊರಟುಹೋಗುತ್ತಾಳೆ. ಎರಡು ವರ್ಷ ಕಳೆದಿದೆ ಎಂದು ಯಾರೂ ಹೇಳಬೇಕಾಗಿಲ್ಲ, ಆ ಹುಡುಗಿಯ ಬೇಸರವೇ ಹೇಳುತ್ತದೆ. ಒಂದು ನಿಮಿಷವೂ ಹಿಡಿಯದ ಈ ದೃಶ್ಯದಲ್ಲಿ ಬಂದ ಮಾತುಗಳು ಕಾದಂಬರಿಯಲ್ಲಿ ಇಲ್ಲ, ಆದರೂ ಕಾದಂಬರಿಗೆ ದ್ರೋಹವಾಗಿಲ್ಲ.

ಎಲ್ಲ ನಿರೂಪಣೆಯೂ ಹೀಗೆ ದೃಶ್ಯವಾಗುವುದಿಲ್ಲ. ಪಾತ್ರದ ಮನಸ್ಸಿನೊಳಗಿನ ತರ್ಕವಿತರ್ಕ, ಬರಗಾಲ, ಊರಿಗೆ ಊರೇ ಬದಲಾಗುವ ಸಂದರ್ಭ ಇವುಗಳಿಗೆ ಹಾಡು ಅಥವಾ ಮೇಳ ಬೇಕಾಗುತ್ತದೆ. ನಮ್ಮ ಭಾಗದ ಪ್ರೇಕ್ಷಕರ ಮಟ್ಟಿಗೆ ಇದೊಂದು ಅನುಕೂಲ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯ ಕಾಲದಿಂದ ಇಂದಿಗೂ ಹಳ್ಳಿಗಳಲ್ಲಿ ಹಾರ್ಮೋನಿಯಂ ಮೇಷ್ಟ್ರು ಕಲಿಸಿ ಆಡಿಸುವ ಪೌರಾಣಿಕ ನಾಟಕಗಳವರೆಗೆ, ಕಥೆಯನ್ನು ನಿಲ್ಲಿಸಿ ಹಾಡುವುದು ಇಲ್ಲಿ ಯಾರಿಗೂ ಹೊಸದಲ್ಲ. ಆದರೆ ಹಾಡು ಕಥೆಯನ್ನು ಮುಂದಕ್ಕೆ ಒಯ್ಯಬೇಕು. ದೃಶ್ಯದಲ್ಲಿ ಆಗಲೇ ಕಂಡದ್ದನ್ನು ರಾಗದಲ್ಲಿ ಮತ್ತೆ ಹೇಳುವುದಾದರೆ ಅದನ್ನು ಕೈಬಿಡುವುದೇ ಲೇಸು. ಸೂತ್ರಧಾರ ಬೇಕೇಬೇಕು ಎನಿಸಿದರೆ ಅವನಿಗೆ ಕಥೆಯಲ್ಲಿ ಒಂದು ಪಾಲು ಕೊಡಿ: ಸಾಲ ಕೊಟ್ಟವನೋ ಹೆಣ್ಣು ನೋಡಲು ಬಂದವನೋ ಆಗಿರಲಿ.

ಭಾಷೆಯ ವಿಷಯದಲ್ಲಿ ಒಂದು ಎಚ್ಚರ. ಕರಾವಳಿಯ ಅಥವಾ ಮಲೆನಾಡಿನ ಕಾದಂಬರಿಯನ್ನು ಬಾಗೇಪಲ್ಲಿಯಲ್ಲೋ ಮುಳಬಾಗಿಲಿನಲ್ಲೋ ಆಡುವಾಗ, ತೆಲುಗನ್ನೂ ಮನೆಮಾತಾಗಿ ಆಡುವ ನಟರ ಬಾಯಲ್ಲಿ ಆ ಪ್ರಾಂತ್ಯದ ಕನ್ನಡವನ್ನು ಅನುಕರಣೆ ಮಾಡಿಸಿದರೆ ಗಂಭೀರ ಮಾತಿಗೂ ಸಭೆ ನಗುತ್ತದೆ. ಪಾತ್ರಗಳ ಸಂಬಂಧಸೂಚಕ ಪದಗಳನ್ನೂ ಕಥೆಗೆ ಅನಿವಾರ್ಯವಾದ ಕೆಲವು ಮಾತುಗಳನ್ನೂ ಮೂಲದಂತೆಯೇ ಉಳಿಸಿ, ಮಿಕ್ಕದ್ದನ್ನು ನಟರ ಉಸಿರಿಗೆ ಹೊಂದುವ ಸರಳ ಕನ್ನಡದಲ್ಲಿ ಬರೆಯುವುದು ನನಗೆ ಸರಿಯೆನಿಸುತ್ತದೆ.

ಮೊದಲ ಕರಡು ಮುಗಿದ ಕೂಡಲೇ ಅಭಿನಯಕ್ಕೆ ಹೋಗದೆ, ತಂಡವನ್ನು ಸುತ್ತ ಕೂರಿಸಿ ಗಡಿಯಾರ ಇಟ್ಟು ಓದಿಸಿ. ಹಾಡು, ಓಡಾಟ, ರಂಗಸಜ್ಜಿಕೆಯ ಬದಲಾವಣೆಗಳಿಗೆ ಕಾಲ ಹಿಡಿಯುವುದರಿಂದ ಓದಿಗೆ ಒಂದೂವರೆ ಗಂಟೆ ಆಗಿದ್ದರೆ ಪ್ರದರ್ಶನಕ್ಕೆ ಎರಡು ಗಂಟೆ ಬೇಕಾದೀತು. ನಟರು ಒಂದೇ ಜಾಗದಲ್ಲಿ ಮತ್ತೆ ಮತ್ತೆ ತಡವರಿಸಿದರೆ ಆ ವಾಕ್ಯ ಇನ್ನೂ ಪುಸ್ತಕದಿಂದ ಇಳಿದು ಬಂದಿಲ್ಲವೆಂದು ತಿಳಿದು ಒಡೆದು ಬರೆಯಿರಿ. ಕತ್ತರಿಸುವಾಗ ಮಾತುಗಳನ್ನು ಅಲ್ಲಲ್ಲಿ ಸವರುವುದಕ್ಕಿಂತ ಇಡೀ ದೃಶ್ಯವೊಂದನ್ನು ತೆಗೆಯುವುದು ಮೇಲು. ತೆಗೆದ ದೃಶ್ಯದಿಂದ ಒಂದು ಸುದ್ದಿ ಮಾತ್ರ ಬೇಕಿದ್ದರೆ ಅದನ್ನು ಮುಂದಿನ ದೃಶ್ಯದ ಯಾವುದಾದರೊಂದು ಜಗಳದ ನಡುವೆ ಸೇರಿಸಬಹುದು. ತಿದ್ದಿದ ಪ್ರತಿಯ ಪ್ರತಿ ಪುಟಕ್ಕೂ ದಿನಾಂಕ ಹಾಕಿ, ಹಳೆಯ ಪ್ರತಿಗಳನ್ನು ನಟರಿಂದ ವಾಪಸು ಪಡೆದು, ಹಕ್ಕುದಾರರಿಗೆ ತಿದ್ದಿದ ಪ್ರತಿಯೊಂದನ್ನು ಕಳುಹಿಸಿದ ಮೇಲೆಯೇ ತಾಲೀಮು ಆರಂಭಿಸಿ.