ಟಾಡ್ ಝೀಲ್ ಕಾರ್ಡ್: 21 ಸಾಲು ಕೊನೆಗೂ ಹಿಡಿಯಿತು

ಅಮೆರಿಕದ ಬೇಸ್‌ಬಾಲ್ ಆಟಗಾರ ಟಾಡ್ ಝೀಲ್‌ನ ಕಾರ್ಡನ್ನು (ಮುಂದೆ ಫೋಟೋ, ಹಿಂದೆ ಅಂಕಿಅಂಶ ಇರುವ ಸಂಗ್ರಹದ ಕಾರ್ಡು) ನಾನೇ ಮಾಡಿದೆ. ಮುಂಬದಿ ಇಂಕ್‌ಜೆಟ್ ಪ್ರಿಂಟ್, ಹಿಂಬದಿ ಲೇಸರ್ ಪ್ರಿಂಟ್, ನಡುವೆ ಹಳೇ ಕಾರ್ಡು. ಹೀಗೆ ಮಾಡ್ತೀನಿ ಅಂದಾಗ ಕಾರ್ಡ್ ಮಾಡುವ ಗೆಳೆಯರೆಲ್ಲ "ವಾರದಲ್ಲಿ ಹಪ್ಪಳದ ಥರ ಸೊಟ್ಟಗಾಗತ್ತೆ" ಅಂದಿದ್ದರು. ಎಂಟು ತಿಂಗಳಾಯಿತು, ನನ್ನ ಕಾರ್ಡು ಒಂದು ಕೂದಲಷ್ಟೂ ಬಾಗಿಲ್ಲ.

ಝೀಲ್ ಕಾರ್ಡಿನ ಕಷ್ಟ ಇರುವುದೇ ಹಿಂಬದಿಯಲ್ಲಿ. ಅಲ್ಲಿ ಪ್ರತಿ ವರ್ಷದ ಪ್ರತಿ ತಂಡಕ್ಕೂ ಒಂದೊಂದು ಅಂಕಿಅಂಶದ ಸಾಲು ಬೇಕು. 1989ರಿಂದ 2004ರವರೆಗೆ 11 ತಂಡ, ಹನ್ನೊಂದಕ್ಕೂ ಹೋಮ್ ರನ್ (ಚೆಂಡನ್ನು ಬೇಲಿಯಾಚೆ ಕಳಿಸುವ ಹೊಡೆತ) ಹೊಡೆದವನು. ಕ್ಯಾಚರ್ (ಬ್ಯಾಟ್ ಹಿಡಿದವನ ಹಿಂದೆ ಕೂತು ಚೆಂಡು ಹಿಡಿಯುವವನು) ಆಗಿ ಬಂದು ಥರ್ಡ್ ಬೇಸ್ ಕಾಯಲು ಹೋದ, ಆಮೇಲೆ ಫಸ್ಟ್ ಬೇಸ್‌ನಲ್ಲೂ ನಿಂತ. 1998ರಲ್ಲಿ ಡಾಡ್ಜರ್ಸ್ ತಂಡ ಅವನನ್ನು ಇನ್ನೊಬ್ಬ ಆಟಗಾರ ಮೈಕ್ ಪಿಯಾಝಾ ಜೊತೆ ಮಾರ್ಲಿನ್ಸ್ ತಂಡಕ್ಕೆ ಕಳಿಸಿತು, ಜುಲೈ ಮುಗಿಯುವಷ್ಟರಲ್ಲಿ ರೇಂಜರ್ಸ್‌ಗೆ ಹೋದ. ಒಂದೇ ವರ್ಷಕ್ಕೆ ಮೂರು ಸಾಲು! 16 ಸೀಸನ್‌ಗೆ ಒಟ್ಟು 21 ಸಾಲು, ಕೆಳಗೆ ಮೊತ್ತದ ಸಾಲು ಬೇರೆ. ಅದರಲ್ಲಿ 2,004 ಹಿಟ್ (ಬೇಸ್ ತಲುಪಿಸಿದ ಹೊಡೆತ), ಆಟ ಬಿಟ್ಟದ್ದೂ 2004ರಲ್ಲೇ. ಆ ಸಾಲು ಓದಲು ಬರದಿದ್ದರೆ ಕಾರ್ಡ್ ಯಾಕೆ ಬೇಕು ಅಲ್ವಾ?

ಇಂಕ್‌ಜೆಟ್‌ನಲ್ಲಿ 5 ಪಾಯಿಂಟ್‌ನ ಸಣ್ಣ ಅಕ್ಷರ ಒಡೆದುಹೋಯಿತು, 3 ಮತ್ತು 8 ಒಂದೇ ಥರ ಕಂಡವು. ಪ್ರಿಂಟ್ ಅಂಗಡಿಗೆ ಸುಮಾರು 45 ಡಾಲರ್ ಕೊಟ್ಟೆ, ಮುಂದು ಹಿಂದು ಎರಡು ಮಿಲಿಮೀಟರ್ ಸರಿದು ಬಂತು. ಅದೆಲ್ಲ ಕಸಕ್ಕೆ. ಲೇಸರ್‌ನಲ್ಲಿ ಮಾತ್ರ ಅಂಕಿಗಳು ಚೂಪಾಗಿ ಬಂದವು.

ಬಾಗುವುದಕ್ಕೆ ಮದ್ದು ಸಿಕ್ಕಿದ್ದು ಹನ್ನೆರಡನೆಯದೋ ಹದಿಮೂರನೆಯದೋ ಕಾರ್ಡಿಗೆ. ಎರಡೂ ಬದಿಗೆ ಒಂದೇ ತೂಕದ ಕಾಗದ, ನಾರು ಒಂದೇ ದಿಕ್ಕಿಗೆ, ಹಳೇ ಕಾರ್ಡಿನ ಹೊಳಪನ್ನು ಉಜ್ಜುಕಾಗದದಿಂದ ತೆಗೆದು ಅಂಟಿಸಿ, ಎರಡು ದಿನ ಭಾರದ ಕೆಳಗೆ ಇಡಬೇಕು. ಅಂಟಿಗೆ ಏನು ಬೆರೆಸುತ್ತೇನೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ನಡುವಿಗೆ 1990ರ ಸುಮಾರಿನ ಕಾಮನ್ (ಬೆಲೆಯಿಲ್ಲದ ಮಾಮೂಲಿ) ಕಾರ್ಡ್‌ಗಳೇ ಸಾಕು, ಪೆಟ್ಟಿಗೆಗಟ್ಟಲೆ ಅಗ್ಗಕ್ಕೆ ಸಿಗುತ್ತವೆ.

ಫೋಟೋ ನನ್ನದೇ. 2004ರ ಅಕ್ಟೋಬರ್ 3ರಂದು ನ್ಯೂಯಾರ್ಕ್‌ನ ಶೇ ಸ್ಟೇಡಿಯಂನ ಮೇಲಿನ ಅಂತಸ್ತಿನಿಂದ ತೆಗೆದದ್ದು, ಸ್ವಲ್ಪ ಮಸುಕು. ಅವತ್ತು ಅವನು ಮತ್ತೆ ಕ್ಯಾಚರ್ ಆಗಿ ಆಡಿದ, ಕೊನೆಯ ಸಲ ಬ್ಯಾಟ್ ಹಿಡಿದಾಗ ಹೋಮ್ ರನ್ ಹೊಡೆದ. ಎದುರಿಗಿದ್ದದ್ದು ಹಿಂದಿನ ವರ್ಷ ಅವನೇ ಆಡಿದ್ದ ಎಕ್ಸ್‌ಪೋಸ್ ತಂಡ, ಆ ಹೆಸರಿನಲ್ಲಿ ಅದಕ್ಕೂ ಅದೇ ಕೊನೆಯ ಪಂದ್ಯ. ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಎಲ್ಲ ಸೇರಿ 140 ಡಾಲರ್ ಆಗಿರಬೇಕು, ಕೈಗೆ ಬಂದದ್ದು ಒಂಬತ್ತು ಒಳ್ಳೇ ಕಾರ್ಡು. ಮುಂದಿನದು ರಾಯ್ಸ್ ಕ್ಲೇಟನ್, ಅವನದೂ 11 ತಂಡ. ಹಳೇ ಕಾರ್ಡು ಉಜ್ಜಿ ಇಟ್ಟಾಗಿದೆ.